ಲಾಳ ಬ್ಯಾಂಡಿನ ಹಿಂದೋಳ

ಸುಬ್ಬಕೃಷ್ಣನವರ ಮಗಳು ಕೌಸಲ್ಯ ಸುಳ್ಳು ಹೇಳುವ ಪೈಕಿಯೇ ಅಲ್ಲ. ಹೆಣ್ಣು ನೋಡಲು ಬಂದ ಗಂಡೊಬ್ಬ "ಉಪ್ಪಿಟ್ಟು ನೀವೇ ಮಾಡಿದ್ದಾ?" ಎಂದು ಕೇಳಿದ್ದಕ್ಕೆ, "ಇಲ್ಲ, ಅಮ್ಮ ಮಾಡಿದ್ದು. ನಾನು ಮಾಡಿದ್ರೆ ನೀವು ಇಷ್ಟು ಹೊತ್ತು ಕೂತಿರ್ತಿರಲಿಲ್ಲ" ಎಂದು ಹೇಳಿ, ಕೈಗೆ ಬಂದಿದ್ದ ಸಂಬಂಧವನ್ನು ಬಾಗಿಲವರೆಗೂ ಕಳಿಸಿಕೊಟ್ಟವಳು. ಅಂಥವಳು ಎಂಬತ್ತೆರಡನೇ ಇಸವಿಯಲ್ಲಿ ಅಪ್ಪನಿಗೆ ಒಂದು ಸುಳ್ಳು ಹೇಳಿದಳು. ಅದೂ ಯಾರಿಗೋಸ್ಕರ ಅಂತೀರಿ? ಕುಣಿಗಲ್ಲಿನ ಮುಚ್ಚಿಹೋದ ರೈಸ್ ಮಿಲ್ಲಿನಲ್ಲಿ ನಿಂತು ತಗಡು ಅದುರುವ ಹಾಗೆ ಗಿಟಾರು ಬಾರಿಸುತ್ತಿದ್ದ ನಾಲ್ಕು ಜನ ಹುಡುಗರಿಗೋಸ್ಕರ!

ಕೌಸಲ್ಯ ತುಮಕೂರಿನ ಸದಾಶಿವನಗರದ ಮನೆಯಿಂದ ದಿನಾ ಕುಣಿಗಲ್ಲಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಯ ಹುಡುಗಿಯರ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ಬರುತ್ತಿದ್ದಳು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದುಗಡೆಯ ರೈಸ್ ಮಿಲ್ಲಿನಿಂದ ಆ ಹಾಡು ಕೇಳಿಸಿತು. ಸ್ವಲ್ಪ ಒಡಕಲು ಗಂಡು ಧ್ವನಿ.

ಹೋಯ್ತು, ನನ್ನ ಬಸ್ಸು ಹೋಯ್ತು,
ಧೂಳು ಮಾತ್ರ ನನಗೆ ಬಂತು,
ಕಂಡಕ್ಟರಣ್ಣ ಕೈ ಬೀಸಿದ
ಟಾಟಾ ಅಂತಾನೋ, ಬಾ ಅಂತಾನೋ.

ಇಷ್ಟೇ ಹಾಡು. ಅದರಲ್ಲಿ ದೇವರಿಲ್ಲ, ಚಂದ್ರನಿಲ್ಲ, ನಲ್ಲ ನಲ್ಲೆ ಯಾರೂ ಇಲ್ಲ. ಆದರೆ "ನನಗೆ ಬಂತು" ಎನ್ನುವಾಗ ಆ ಧ್ವನಿ ಒಂದು ಸ್ವರದ ಮೇಲೆ ಹತ್ತಿ ನಿಂತುಬಿಡುತ್ತಿತ್ತು, ಮತ್ತು ಅಷ್ಟು ಹೊತ್ತು ದಬದಬ ಅನ್ನುತ್ತಿದ್ದ ಡ್ರಮ್ಮು ಗಕ್ಕನೆ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲ ಒಟ್ಟಿಗೇ ಬಂದು ಮೈಮೇಲೆ ಬೀಳುತ್ತಿತ್ತು. ಕೌಸಲ್ಯಳಿಗೆ ಆ ನಿಲ್ಲುವ ಜಾಗದಲ್ಲಿ ತನ್ನ ಉಸಿರೂ ನಿಂತದ್ದು ಗೊತ್ತಾಯಿತು. ಇದು ಯಾಕೆ ಹೀಗಾಗುತ್ತೆ? ಲೆಕ್ಕದ ಮೇಷ್ಟರಮ್ಮ ತಾನೇ, ಉತ್ತರ ಸಿಗದ ಲೆಕ್ಕ ಕಂಡರೆ ಬಿಡುವ ಜಾತಿಯಲ್ಲ. ಇನ್ನೊಂದು ಸಲ ಕೇಳಿ ನೋಡೋಣ ಎಂದು ನಿಂತಳು. ಅಷ್ಟರಲ್ಲಿ ಅವಳ ಬಸ್ಸು ನಿಜವಾಗಿಯೂ ಹೊರಟುಹೋಯಿತು.

ಮಾರನೇ ವಾರ ಧೈರ್ಯ ಮಾಡಿ ರೈಸ್ ಮಿಲ್ಲಿನೊಳಕ್ಕೇ ಹೋದಳು. ಹುಡುಗರು ಗಾಬರಿಯಾಗಿ ಎದ್ದು ನಿಂತರು. ಗಲಾಟೆ ಜಾಸ್ತಿಯಾಯಿತು ಅಂತ ಶಾಲೆಯವರು ಟೀಚರನ್ನು ಕಳಿಸಿದ್ದಾರೆ ಅಂದುಕೊಂಡರು. ಹಾಡುವವನ ಹೆಸರು ಆಂಜನಪ್ಪ. ಪೇಟೆ ಬೀದಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಗಿಟಾರಿನ ಸದ್ದು ಹೊರಡುವ ಆಂಪ್ಲಿಫೈಯರನ್ನು ಅವನೇ ಹಳೇ ರೇಡಿಯೋಗಳನ್ನು ಬಿಚ್ಚಿ ಕಟ್ಟಿದ್ದ. ಡ್ರಮ್ಮು ಬಾರಿಸುವ ಚಿಕ್ಕಮಾರಯ್ಯ ಕುದುರೆ ಫಾರಮ್ಮಿನಲ್ಲಿ ಕೆಲಸಕ್ಕಿದ್ದ. ಅದಕ್ಕೇ ಬ್ಯಾಂಡಿಗೆ 'ಲಾಳ' ಅಂತ ಹೆಸರಿಟ್ಟು ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಲಾಳ ಬರೆದಿದ್ದರು.

"ಗಲಾಟೆ ಅಂತ ಬಂದದ್ದಲ್ಲಪ್ಪ. ಆ ಬಸ್ಸಿನ ಹಾಡು ಇನ್ನೊಂದು ಸಲ ಹಾಡ್ತೀರಾ?" ಎಂದಳು ಕೌಸಲ್ಯ.

ಆಂಜನಪ್ಪ ಚಿಕ್ಕಮಾರಯ್ಯನ ಮುಖ ನೋಡಿದ. "ಏನ್ಲಾ ಇದು, ಕೇಳೋಕೆ ಅಂತ್ಲೇ ಬಂದವ್ರೆ ಕಣ್ಲಾ" ಎಂದು ಪಂಚೆಯ ತುದಿಯಿಂದ ಸ್ಟೂಲು ಒರೆಸಿದ.

ಅಲ್ಲಿಂದ ಶುರುವಾಯಿತು ನೋಡಿ. ವಾರಕ್ಕೊಂದು ಸಲವಾದರೂ ಅವಳ ಬಸ್ಸು ತಪ್ಪುತ್ತಿತ್ತು.

ಊರಿನಲ್ಲಿ ಆ ಹುಡುಗರಿಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಆಗಿನ ಕಾಲದಲ್ಲಿ ಸ್ಟೇಜು ಹತ್ತಿದವರು ಸಿನಿಮಾ ಹಾಡು ಹಾಡಬೇಕು. ಇವರು ಹಾಡುವುದಿಲ್ಲ, ನಮ್ಮದೇ ಹಾಡು ಹಾಡ್ತೀವಿ ಅನ್ನುತ್ತಾರೆ. ಗಣೇಶನ ಹಬ್ಬದಲ್ಲಿ ಒಮ್ಮೆ ಹತ್ತಿಸಿದ್ದವರು ಎರಡನೇ ಹಾಡಿಗೇ ಇಳಿಸಿದ್ದರು. ಮದುವೆ ಮನೆಯವರಂತೂ ಹತ್ತಿರ ಸೇರಿಸುತ್ತಿರಲಿಲ್ಲ.

ಕೌಸಲ್ಯಳ ಮನೆಯಲ್ಲಿ ಕೇಳಬೇಕೆ? ಅಣ್ಣ ಯೋಗನರಸಿಂಹ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಬೆಂಗಳೂರಿನಿಂದ ವಿಲಾಯತಿ ಕ್ಯಾಸೆಟ್ಟುಗಳನ್ನು ತಂದು, ಕಣ್ಣು ಮುಚ್ಚಿ ಮಲಗಿ ಕೇಳುತ್ತಿದ್ದವನು. ಅವನಿಗೆ ಲಾಳ ಬ್ಯಾಂಡು ಎಂದರೆ ಬಿದ್ದು ಬಿದ್ದು ನಗು.

"ರಾಕ್ ಮ್ಯೂಸಿಕ್ಕು ಅಂದ್ರೆ ಇಂಗ್ಲೆಂಡು ಅಮೆರಿಕದ ಮಾತು ಕಣೇ ಕೌಸಿ. ಮೋಟಾರು ರಿಪೇರಿ ಆಂಜನಪ್ಪ ಹಾಡೋದು ರಾಕ್ ಅಲ್ಲ, ರಾಗಿ ಬೀಸೋ ಕಲ್ಲು" ಎಂದ ಒಂದು ದಿನ, ಊಟಕ್ಕೆ ಕೂತಿದ್ದಾಗ.

"ನೀನು ಪೂರ್ತಿ ಒಂದು ಹಾಡು ಕೇಳಿದೀಯೇನೋ?"

"ಪೂರ್ತಿ ಕೇಳೋಕೆ ಕಿವಿ ಉಳೀಬೇಕಲ್ಲ!"

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ಹೆರದೇನೇ ಮುದ್ದು ಮಾಡ್ತಿದೀಯಲ್ಲೇ!"

"ಊಟದ ಹೊತ್ತಲ್ಲಿ ಕತ್ತೆ ಹೆಗ್ಗಣ ಎಲ್ಲ ಯಾಕೆ ತರ್ತೀರೋ?" ಎಂದರು ಅಮ್ಮ ಅಲಮೇಲಮ್ಮ. "ಯಾರಿಗೆ ಹುಳಿ ಬೇಕು ಹೇಳಿ."

ಅಣ್ಣನ ಮಾತಿಗೆಲ್ಲ ಕೌಸಲ್ಯ ಸೊಪ್ಪು ಹಾಕುವವಳಲ್ಲ. ನೋಯಿಸಿದ್ದು ಅಪ್ಪನ ಮಾತು. ಸುಬ್ಬಕೃಷ್ಣನವರು ತಾಲ್ಲೂಕು ಆಫೀಸಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬಡಾವಣೆಯ ರಾಮೋತ್ಸವ ಸಮಿತಿಯ ಕಾರ್ಯದರ್ಶಿ. ಸಂಗೀತವೆಂದರೆ ಪ್ರಾಣ. ಅವರು ಜೋರಾಗಿ ಏನೂ ಅನ್ನಲಿಲ್ಲ. ಮಜ್ಜಿಗೆ ಕಲಸಿಕೊಳ್ಳುತ್ತಾ ಮೃದುವಾಗಿ, "ಅದು ಸಂಗೀತ ಅಲ್ಲಮ್ಮ, ಸದ್ದು" ಎಂದರು. ಕೇಳಿಯೇ ಇಲ್ಲದ ಹಾಡಿಗೆ ಅಷ್ಟು ಮೃದುವಾಗಿ ಬಾಗಿಲು ಹಾಕಿಬಿಟ್ಟರು. ಕೌಸಲ್ಯಳಿಗೆ ಊರೆಲ್ಲ ನಕ್ಕರೂ ಪರವಾಗಿರಲಿಲ್ಲ. ಅಪ್ಪ ಒಂದೇ ಒಂದು ಸಲ ಕೂತು ಆ ಹಾಡನ್ನು ಕೇಳಬೇಕು ಅಂತ ಮಾತ್ರ ಆಸೆ. ಹಾಡು ಹೇಳಿಕೊಟ್ಟವರು, ಕೇಳುವುದು ಹೇಗೆ ಅಂತ ಕಲಿಸಿದವರು ಅವರೇ. ಅವರೇ ಕೇಳದಿದ್ದರೆ ಹೇಗೆ?

ಆ ಸಂಕಟದಲ್ಲಿ ಬಾಯಿಂದ ಬಂದುಬಿಟ್ಟಿತು. "ಸದ್ದಲ್ಲ ಅಪ್ಪ. ಆ ಬಸ್ಸಿನ ಹಾಡು ಹಿಂದೋಳದಲ್ಲಿದೆ."

ಸುಬ್ಬಕೃಷ್ಣನವರ ಕೈ ಎಲೆಯ ಮೇಲೇ ನಿಂತಿತು. ಹಿಂದೋಳ ಅವರ ಮುದ್ದಿನ ರಾಗ. ಐದೇ ಸ್ವರ ಅದಕ್ಕೆ. ರಿಷಭವೂ ಇಲ್ಲ, ಪಂಚಮವೂ ಇಲ್ಲ. "ಪಂಚಮದ ಆಸರೆಯಿಲ್ಲದೆ ನಿಲ್ಲೋ ರಾಗ ಕಣಮ್ಮ ಅದು, ಗೋಡೆ ಇಲ್ಲದೆ ಚಾವಣಿ ಇಟ್ಟ ಹಾಗೆ" ಎಂದು ಅವಳಿಗೆ ಚಿಕ್ಕವಳಿದ್ದಾಗಲಿಂದ ಹೇಳುತ್ತಾ ಬಂದಿದ್ದರು.

"ಹಿಂದೋಳವಾ? ಆ ಹುಡುಗನಿಗೆ ಗುರುಗಳು ಯಾರು?"

ಒಂದು ಸುಳ್ಳು ಒಂಟಿಯಾಗಿ ಬದುಕುವುದಿಲ್ಲ, ನೆಂಟರಿಷ್ಟರನ್ನೆಲ್ಲ ಕರೆಸಿಕೊಳ್ಳುತ್ತದೆ. "ಅವರ ತಾತಾನೇ. ಗುಬ್ಬೀಲಿ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸ್ತಿದ್ರಂತೆ" ಎಂದಳು ಕೌಸಲ್ಯ. ತಾತ ಗುಬ್ಬಿಯ ನಾಟಕ ಕಂಪನಿಯಲ್ಲಿ ಇದ್ದದ್ದು ನಿಜ. ಪರದೆಯ ಹಗ್ಗ ಎಳೆಯುತ್ತಿದ್ದರು. ಹಗ್ಗಕ್ಕೂ ಹಾರ್ಮೋನಿಯಮ್ಮಿಗೂ ಎಷ್ಟು ಮಹಾ ದೂರ ಎಂದು ಅವಳ ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಂಡಿತು.

ಯೋಗನರಸಿಂಹ ಹುಬ್ಬು ಹಾರಿಸಿದ. ಅಪ್ಪ ಮಾತ್ರ ಕೈ ತೊಳೆಯುವವರೆಗೂ "ಹಿಂದೋಳ... ಬಸ್ಸಿನ ಹಾಡಿಗೆ!" ಎಂದು ತಲೆದೂಗುತ್ತಲೇ ಇದ್ದರು. ಆಮೇಲಿನ ದಿನಗಳಲ್ಲಿ ಅವರಾಗಿಯೇ ಕೇಳತೊಡಗಿದರು. ಆ ಹುಡುಗ ಸಾಧನೆ ಎಷ್ಟು ಹೊತ್ತು ಮಾಡ್ತಾನೆ? ಆಲಾಪನೆ ಉಂಟಾ? ಕೌಸಲ್ಯ ಪ್ರತಿ ಪ್ರಶ್ನೆಗೂ ಒಂದು ಉತ್ತರ ಹೊಂದಿಸಿಕೊಟ್ಟಳು. ಕೊನೆಗೂ ಅಪ್ಪ ತನ್ನ ಬ್ಯಾಂಡಿನ ಬಗ್ಗೆ ಮರ್ಯಾದೆಯಿಂದ ಮಾತಾಡುತ್ತಿದ್ದಾರಲ್ಲ ಎಂಬ ಖುಷಿ ಬೇರೆ. ಅವರು ಮಾತಾಡುತ್ತಿದ್ದುದು ಬೇರೆ ಯಾವುದೋ ಬ್ಯಾಂಡಿನ ಬಗ್ಗೆ ಎಂಬುದನ್ನು ಮರೆತೇಬಿಟ್ಟಳು ಮಹಾತಾಯಿ.

ರಾಮನವಮಿ ಬಂತು. ಆ ಬಡಾವಣೆಯ ಚಪ್ಪರದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಂಜೆ ರಾಮನಿಗೆ ಸಂಗೀತ ಸೇವೆ ಆಗಬೇಕು, ಆಮೇಲೆಯೇ ಪಾನಕ ಕೋಸಂಬರಿ. ಹಾಡು ಮುಗಿಯುವ ತನಕ ಯಾರಿಗೂ ಒಂದು ದೊನ್ನೆ ಸಿಗುತ್ತಿರಲಿಲ್ಲ, ಅಧ್ಯಕ್ಷರ ಮೊಮ್ಮಕ್ಕಳಿಗೂ ಅಷ್ಟೇ. ಇನ್ನೊಂದು, ಸುಬ್ಬಕೃಷ್ಣನವರದೇ ಪದ್ಧತಿ. ತಾವು ಕಿವಿಯಾರೆ ಕೇಳದೆ ಯಾರನ್ನೂ ಕರೆಸುತ್ತಿರಲಿಲ್ಲ. ಎಷ್ಟು ದೊಡ್ಡವರ ಶಿಫಾರಸು ಬಂದರೂ ಕೇಳಿಯೇ ಕರೆಸಬೇಕು. ಆದ್ದರಿಂದಲೇ "ಸುಬ್ಬಕೃಷ್ಣನವರು ಕರೆಸಿದಾರೆ ಅಂದ್ರೆ ಕಣ್ಣು ಮುಚ್ಕೊಂಡು ಕೂತ್ಕೋಬಹುದು" ಎಂದು ಊರು ನಂಬಿತ್ತು.

ಈ ಸಲ ಉತ್ಸವ ಹತ್ತಿರ ಬಂದಾಗ ನಿಟ್ಟೂರಿನ ವೀಣೆ ವಿದ್ವಾಂಸರು ಬಚ್ಚಲಲ್ಲಿ ಜಾರಿ ಕೈ ಉಳುಕಿಸಿಕೊಂಡರು. ಅವರ ಸಂಜೆ ಖಾಲಿ ಬಿತ್ತು. ಆ ಸಮಯಕ್ಕೆ ಯಡಿಯೂರಿನಲ್ಲಿ ಸ್ನೇಹಿತರ ಮಗನ ಮದುವೆಗೆಂದು ಹೋಗಿದ್ದ ಸುಬ್ಬಕೃಷ್ಣನವರು, ವಾಪಸು ಬರುವಾಗ ಕುಣಿಗಲ್ಲಿನಲ್ಲಿ ಬಸ್ಸಿಳಿದು ನೆಟ್ಟಗೆ ಆಂಜನಪ್ಪನ ಅಂಗಡಿಗೆ ಹೋದರು. ಮಗಳಿಗೆ ಆಶ್ಚರ್ಯವಾಗಲಿ ಎಂದು ಯಾರಿಗೂ ಹೇಳಲಿಲ್ಲ. ಕೌಸಲ್ಯಳಿಗೆ ಗೊತ್ತಾದದ್ದು ಪ್ರೆಸ್ಸಿನಿಂದ ಕರಪತ್ರದ ಕಟ್ಟು ಮನೆಗೆ ಬಂದ ಮೇಲೆ. ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಕುಣಿಗಲ್ ವಿದ್ವಾನ್ ಆಂಜನಪ್ಪ ಮತ್ತು ವೃಂದದವರಿಂದ ಭಕ್ತಿ ಸಂಗೀತ.'

ಅವಳು ಕಟ್ಟಿನಿಂದ ಒಂದನ್ನು ಎಳೆದು ಎರಡೆರಡು ಸಲ ಓದಿದಳು.

"ಎಂಥ ವಿನಯ ಅಂತೀಯಾ ಆ ಹುಡುಗಂದು!" ಅಪ್ಪ ಕುರ್ಚಿಯಲ್ಲಿ ಕೂತು ಸಂಭ್ರಮದಿಂದ ಹೇಳುತ್ತಿದ್ದರು. "ವಿದ್ವಾಂಸರೇ ಅಂತ ಕರೆದೆ. ನಾಚಿಕೊಂಡು ಮೋಟಾರಿನ ಹಿಂದೆ ಹೋದ. ಒಂದು ಹಾಡಿ ತೋರಿಸಪ್ಪ ಅನ್ನೋಣ ಅಂತ ಬಾಯಿ ತನಕ ಬಂತು. ಬೇಡ ಅನ್ನಿಸ್ತು. ನೀನು ಕೇಳಿದೀಯಲ್ಲ! ನಿನ್ನ ಕಿವಿ ಬೇರೆ, ನನ್ನ ಕಿವಿ ಬೇರೇನಾ? ನಾನೇ ಕೇಳಿದ ಹಾಗೆ."

ಕೌಸಲ್ಯ ಒಳಗೆ ಹೋದಳು. ಅಪ್ಪ ಜೀವಮಾನದಲ್ಲಿ ಒಂದು ಸಲ ತಮ್ಮ ಪದ್ಧತಿ ಮುರಿದಿದ್ದರು, ಅದೂ ತನ್ನ ಮಾತು ನಂಬಿ. ಈಗ ಆ ಚಪ್ಪರದಲ್ಲಿ ಡ್ರಮ್ಮು ಬಡಿದರೆ ಅವರ ಹೆಸರು ಮಣ್ಣುಪಾಲು. ಬರಬೇಡಿ ಎಂದು ಹುಡುಗರಿಗೆ ಹೇಳಿದರೆ? ಹುಟ್ಟಿದಮೇಲೆ ಅವರನ್ನು ಮರ್ಯಾದೆಯಿಂದ ಕರೆದ ಮೊದಲ ವೇದಿಕೆಯನ್ನು ತಾನೇ ಕಿತ್ತುಕೊಂಡ ಹಾಗೆ. ಮತ್ತೆ ಅಪ್ಪ ಆ ಹಾಡನ್ನು ಈ ಜನ್ಮದಲ್ಲಿ ಕೇಳುವುದಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹುಡುಕಿಕೊಂಡು ಮಾರನೇ ದಿನ ಶಾಲೆ ಬಿಟ್ಟ ಕೂಡಲೇ ರೈಸ್ ಮಿಲ್ಲಿಗೆ ಓಡಿದಳು. ಅಲ್ಲಿ ಹಬ್ಬವೋ ಹಬ್ಬ. ಚಿಕ್ಕಮಾರಯ್ಯ ಲಾಳದ ಚಿತ್ರಕ್ಕೆ ಹೊಸ ಬಣ್ಣ ಹಚ್ಚುತ್ತಿದ್ದ.

"ತುಮಕೂರಲ್ಲಿ ಸ್ಟೇಜು, ಮೇಡಮ್ನೋರೇ!" ಎಂದ ಆಂಜನಪ್ಪ. "ನಿಮ್ ತಂದೆಯೋರು ದೇವ್ರಂಥೋರು. ನನ್ನ ವಿದ್ವಾಂಸರೇ ಅಂದ್ರು. ಫಸ್ಟು ತಮಾಷೆ ಮಾಡ್ತಾವ್ರೆ ಅನ್ಕಂಡೆ. ಆಮೇಲೆ ದೊಡ್ಡೋರು ಮಾತಾಡೋದೇ ಹಂಗೇನೋ ಅಂತ ಸುಮ್ಕಾದೆ."

ಕೌಸಲ್ಯ, "ಆಂಜನಪ್ಪ, ಅಲ್ಲಿ ಎಲ್ಲ ವಯಸ್ಸಾದೋರು. ಒಂದೆರಡು ದೇವರನಾಮ ಹಾಡಿಬಿಡ್ತೀರಾ? ನಾನು ಹೇಳಿಕೊಡ್ತೀನಿ" ಎಂದಳು.

ಪಾಪ, ಅವರು ಒಂದು ಮಾತೂ ಎದುರಾಡಲಿಲ್ಲ. ಗಿಟಾರಿನ ಸದ್ದು ಇಳಿಸಿ, ಅವಳು ಹೇಳಿಕೊಟ್ಟದ್ದನ್ನು ಸಾಲು ಸಾಲಾಗಿ ಹೇಳಿದರು. ಅಯ್ಯೋ, ಆ ಕರ್ಮ ಬೇಡ! ಬಸ್ಸಿನ ಹಾಡಿನಲ್ಲಿ ಎದೆ ತಟ್ಟಿ ನಿಲ್ಲುತ್ತಿದ್ದ ಧ್ವನಿ ಇಲ್ಲಿ ನೆಂಟರ ಮನೆಗೆ ಬಂದವರ ಹಾಗೆ ಬಾಗಿಲಲ್ಲೇ ನಿಂತಿತ್ತು. ಚಿಕ್ಕಮಾರಯ್ಯ ಡ್ರಮ್ಮನ್ನು ಬೆರಳ ತುದಿಯಿಂದ ಮುಟ್ಟುತ್ತಿದ್ದ. ಈಗ ಅವರನ್ನು ಕೇಳಿದವರು ಯಾರೇ ಆದರೂ ನಗಬಹುದಿತ್ತು. ಕೌಸಲ್ಯಳಿಗೇ ನಗು ಬರುವಂತಿತ್ತು. ಅಣ್ಣ ಇಷ್ಟು ದಿನ ಹೇಳಿದ್ದನ್ನು ತಾನೇ ಮುಂದೆ ನಿಂತು ನಿಜ ಮಾಡುತ್ತಿದ್ದೀನಲ್ಲ ಎಂದು ಅವಳಿಗೆ ಸಂಕಟವಾಯಿತು.

ಹಾಡು ನಿಂತಾಗ ಆಂಜನಪ್ಪ ಅವಳನ್ನೇ ನೋಡುತ್ತಾ, ಕೋಪವಿಲ್ಲದೆ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. "ಒಂದು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನಮ್ ಹಾಡು ನಿಮಗೆ ಇಷ್ಟ ತಾನೆ?"

"ತುಂಬ ಇಷ್ಟ."

"ಮತ್ತೆ ಅದನ್ನ ನಿಮ್ ತಂದೆಯೋರ್ಗೆ ಯೋಳೋಕೆ ಯಾಕೆ ಇನ್ನೇನೋ ಬೇಕಾಯ್ತು?"

ಕೌಸಲ್ಯಳಿಗೆ ಆಗ ಹೊಳೆಯಿತು. ಅಣ್ಣ ನಕ್ಕಾಗಲೂ ಅವಮಾನ ಮಾಡಿದ್ದು ಅಣ್ಣನಲ್ಲ. ಹಿಂದೋಳದ ಶಾಲು ಹೊದಿಸದಿದ್ದರೆ ಈ ಹಾಡು ಅಪ್ಪನ ಎದುರಿಗೆ ನಿಲ್ಲಲಾರದು ಎಂದು ಒಳಗೊಳಗೇ ನಂಬಿದ್ದವಳು ತಾನು. ಎಲ್ಲರಿಗಿಂತ ಹೆಚ್ಚಾಗಿ ಈ ಬ್ಯಾಂಡನ್ನು ಅಗ್ಗ ಮಾಡಿದವಳು ತಾನೇ.

"ದೇವರನಾಮ ಬೇಡ" ಎಂದಳು. "ನಿಮ್ಮದೇ ಹಾಡಿ. ಅಪ್ಪನ ಹತ್ರ ನಾನು ಮಾತಾಡ್ತೀನಿ."

ಆ ಸಂಜೆ ಮನೆಗೆ ಬಂದಾಗ ಸುಬ್ಬಕೃಷ್ಣನವರು ಜಗಲಿಯಲ್ಲಿ ಕೂತು ಶಲ್ಯ ಮಡಿಸುತ್ತಿದ್ದರು. ಕೌಸಲ್ಯ ಚಪ್ಪಲಿಯನ್ನೂ ಬಿಡದೆ ನಿಂತ ಕಡೆಯೇ ಎಲ್ಲ ಹೇಳಿಬಿಟ್ಟಳು. ಹಿಂದೋಳ ಸುಳ್ಳು, ಹಾರ್ಮೋನಿಯಂ ಸುಳ್ಳು, ತಾತ ಪರದೆ ಎಳೆಯುತ್ತಿದ್ದರು, ಆಂಜನಪ್ಪನಿಗೆ ಸರಿಗಮ ಗೊತ್ತಿಲ್ಲ.

ಅಪ್ಪ ಶಲ್ಯವನ್ನು ಬಿಚ್ಚಿದರು, ಮತ್ತೆ ಮಡಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕರಪತ್ರ ಊರೆಲ್ಲ ಹಂಚಿಯಾಗಿದೆ" ಎಂದರು ಕೊನೆಗೆ. "ನಿನ್ನ ಮಾತು ಕಟ್ಟಿಕೊಂಡು ನಾನು ಹಾಳಾದೆ."

"ತಪ್ಪಾಯ್ತು ಅಪ್ಪ."

"ತಪ್ಪಾಯ್ತು, ಸರಿ. ಆ ಗಂಡಿನ ಮುಂದೆ ಒಂದು ತಟ್ಟೆ ಉಪ್ಪಿಟ್ಟಿಗೂ ಸುಳ್ಳು ಹೇಳದವಳು ನೀನು." ಅವರು ತಲೆಯೆತ್ತಿ ಮಗಳನ್ನು ನೋಡಿದರು. ಮುಖದಲ್ಲಿ ಸಿಟ್ಟು ಇದ್ದೇ ಇತ್ತು, ಅದರ ಜೊತೆಗೆ ಇನ್ನೇನೋ ಸೇರಿಕೊಂಡಿತ್ತು. "ನಿನ್ನಂಥವಳ ಕೈಲಿ ಸುಳ್ಳು ಹೇಳಿಸೋ ಅಂಥಾದ್ದು ಅದರಲ್ಲಿ ಏನಿದೆಯಮ್ಮ?"

"ಗೊತ್ತಿಲ್ಲ ಅಪ್ಪ."

"ಗೊತ್ತಿಲ್ಲದೇನೇ ಇಷ್ಟವಾ?"

"ಹೂಂ."

ಸುಬ್ಬಕೃಷ್ಣನವರು ಎದ್ದು ನಿಂತರು. "ಹಾಗಾದ್ರೆ ಬರಲಿ ಅವರು. ಕರೆದ ಮೇಲೆ ಬರಬೇಡಿ ಅನ್ನೋ ವಂಶ ನಮ್ಮದಲ್ಲ. ಆದರೆ ವೇದಿಕೆ ಮೇಲೆ ನಿಂತು ಅವರು ಯಾರು, ಏನು ಅಂತ ನೀನೇ ಹೇಳಬೇಕು. ಇದ್ದದ್ದು ಇದ್ದ ಹಾಗೆ. ನನ್ನನ್ನ ಕಾಪಾಡೋಕೆ ಹೋಗಬೇಡ, ಅವರನ್ನೂ ಕಾಪಾಡೋಕೆ ಹೋಗಬೇಡ."

ಕಾರ್ಯಕ್ರಮದ ಸಂಜೆ ಚಪ್ಪರ ತುಂಬಿ ತುಳುಕುತ್ತಿತ್ತು. ವಿದ್ವಾನ್ ಆಂಜನಪ್ಪ ಯಾರಪ್ಪ, ಹೆಸರೇ ಕೇಳಿಲ್ಲವಲ್ಲ ಎಂದು ಗುಬ್ಬಿಯಿಂದ ಕೂಡ ರಸಿಕರು ಬಂದಿದ್ದರು. ಜಮಖಾನದ ಮುಂದಿನ ಸಾಲಿನಲ್ಲಿ ಸಮಿತಿಯ ಅಧ್ಯಕ್ಷರಾದ ವಕೀಲ ಲಕ್ಷ್ಮೀನರಸಿಂಹಯ್ಯನವರು, ಜರಿ ಶಲ್ಯ ಹೊದ್ದು ಕೂತಿದ್ದರು. ಪಕ್ಕದಲ್ಲಿ ಸುಬ್ಬಕೃಷ್ಣನವರು. ಹೆಂಗಸರ ಕಡೆ ಅಲಮೇಲಮ್ಮ. ಹಿಂದುಗಡೆ ಕಂಬಕ್ಕೊರಗಿ ಯೋಗನರಸಿಂಹ, ತಮಾಷೆ ನೋಡಲು ಬ್ಯಾಂಕಿನ ಸ್ನೇಹಿತರ ಜೊತೆ. ತಂಬೂರಿ ಬರುತ್ತೆ ಎಂದು ಕಾದವರ ಎದುರಿಗೆ ಚಿಕ್ಕಮಾರಯ್ಯ ಡ್ರಮ್ಮು ತಂದು ಇಟ್ಟ. ಚಪ್ಪರದಲ್ಲೆಲ್ಲ ಗುಸುಗುಸು ಎದ್ದಿತು.

ಕೌಸಲ್ಯ ಮೈಕಿನ ಮುಂದೆ ನಿಂತಳು. ಹುಡುಗಿಯರಿಗೆ ಬೀಜಗಣಿತ ಹೇಳುವಾಗಿನ ಗಂಟಲಿನಲ್ಲೇ ಶುರುಮಾಡಿದಳು.

"ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ವಿದ್ವಾನ್ ಅಂತ ಇದೆ. ಅದು ನಾನು ನಮ್ಮ ತಂದೆಯವರಿಗೆ ಹೇಳಿದ ಸುಳ್ಳು. ಅವರ ತಪ್ಪಿಲ್ಲ. ಇವರು ವಿದ್ವಾಂಸರಲ್ಲ, ಮೋಟಾರು ರಿಪೇರಿ ಮಾಡ್ತಾರೆ, ಕುದುರೆ ನೋಡ್ಕೋತಾರೆ. ಇವರು ಹಾಡೋದು ಶಾಸ್ತ್ರೀಯ ಸಂಗೀತ ಅಲ್ಲ, ದೇವರನಾಮ ಅಲ್ಲ, ಸಿನಿಮಾ ಹಾಡೂ ಅಲ್ಲ." ಆಂಜನಪ್ಪನ ಕಡೆ ತಿರುಗಿ ನೋಡಿದಳು. "ಇವರ ಹಾಡು ಕೇಳ್ತಾ ನಾನು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದೀನಿ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಇಷ್ಟ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ರ ಇಲ್ಲ."

ಯಾರೋ ಹಿಂದಿನಿಂದ, "ಹಂಗಾದ್ರೆ ಪಾನಕ ಕೊಟ್ಟುಬಿಡಿ, ಮನೆಗೆ ಹೋಗೋಣ!" ಎಂದರು. ನಗು ಎದ್ದಿತು. ಕೆಲವರು ಮೇಲೆದ್ದು ಪಂಚೆ ಸರಿಮಾಡಿಕೊಂಡರು.

"ಕೂತ್ಕೊಳ್ಳಿ!" ಎಂದರು ಸುಬ್ಬಕೃಷ್ಣನವರು, ಕಚೇರಿಯಲ್ಲಿ ಗುಮಾಸ್ತರನ್ನು ಗದರಿಸುತ್ತಿದ್ದ ಹಳೇ ಗಂಟಲಿನಲ್ಲಿ. "ಮೊದಲು ಹಾಡು, ಆಮೇಲೆ ಪಾನಕ. ಈ ಚಪ್ಪರದ ಪದ್ಧತಿ ಅದು."

ಕೋಸಂಬರಿಯ ಆಸೆ ಬಿಟ್ಟು ಹೋಗುವವರು ಯಾರು? ಕೂತರು.

ಆಂಜನಪ್ಪ ಕೈಮುಗಿದು ಶುರುಮಾಡಿದ. ಮೊದಲ ಏಟಿಗೇ ಮುದುಕಿಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಎರಡನೇ ಹಾಡಿಗೆ ಗುಬ್ಬಿಯ ರಸಿಕರು ಚಪ್ಪಲಿ ಹುಡುಕಿಕೊಂಡು ಪಾನಕವನ್ನೂ ಬಿಟ್ಟು ನಡೆದೇಬಿಟ್ಟರು. ಮೂರನೆಯದು ಬಸ್ಸಿನ ಹಾಡು. ಕೌಸಲ್ಯ ವೇದಿಕೆಯನ್ನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಅವರ ಬಲಗೈ ಅಭ್ಯಾಸದಂತೆ ತಾಳ ಹಾಕಲು ತೊಡೆಯ ಮೇಲೆ ಎದ್ದಿತ್ತು. ಬೀಳುವ ಜಾಗ ಸಿಗದೆ ಗಾಳಿಯಲ್ಲೇ ನಿಂತಿತ್ತು. ಇನ್ನೊಂದು ಸಲ ಪ್ರಯತ್ನಪಟ್ಟಿತು. ಆಮೇಲೆ ಕೈ ಮಡಿಲಿಗೆ ಬಂತು, ಮತ್ತು ಸುಬ್ಬಕೃಷ್ಣನವರು ತಲೆ ಒಂದು ಪಕ್ಕಕ್ಕೆ ವಾಲಿಸಿ ಸುಮ್ಮನೆ ಕೂತರು. ತುಂಬ ಕಷ್ಟದ ರಾಗವೊಂದು ಯಾವುದೆಂದು ಪತ್ತೆ ಹಚ್ಚುವಾಗ ಅವರು ಹಾಗೆ ಕೂರುತ್ತಿದ್ದರು. ಕೌಸಲ್ಯ ಚಿಕ್ಕಂದಿನಿಂದ ನೋಡಿದ ಭಂಗಿ ಅದು.

ಹಾಡು ಮುಗಿದಾಗ ಚಪ್ಪಾಳೆ ಬಂತು, ಅಲ್ಲೊಂದು ಇಲ್ಲೊಂದು. ಅಲಮೇಲಮ್ಮ, "ಆ ಕಂಡಕ್ಟರು ಬಾ ಅಂತಾನೇ ಕೈ ಬೀಸಿದ್ದು ಕಣೇ, ಪಾಪ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಯೋಗನರಸಿಂಹನ ಸ್ನೇಹಿತರು ಇನ್ನೂ ನಗುತ್ತಿದ್ದರು. ಅವನು ಮಾತ್ರ ನಗದೆ ಆಂಪ್ಲಿಫೈಯರನ್ನೇ ದಿಟ್ಟಿಸುತ್ತಿದ್ದ. ಹುಡುಗರು ಇನ್ನೆರಡು ಹಾಡಿ ಇಳಿದರು.

ಪಾನಕದ ಪಾತ್ರೆ ಹಿಡಿದು ಸಾಲಿನಲ್ಲಿ ಬರುತ್ತಿದ್ದ ಕೌಸಲ್ಯಳಿಗೆ ಲಕ್ಷ್ಮೀನರಸಿಂಹಯ್ಯನವರು ಅಪ್ಪನ ಕಿವಿಯ ಹತ್ತಿರ ಬಗ್ಗಿದ್ದು ಕಂಡಿತು. ವಕೀಲರ ಪಿಸುಮಾತು ಕೇಳಬೇಕೆ, ಅರ್ಧ ಚಪ್ಪರಕ್ಕೆ ಕೇಳಿಸಿತು.

"ನೋಡಿ ಸುಬ್ಬಕೃಷ್ಣನವರೇ, ಆಗಿದ್ದು ಆಗಿಹೋಯ್ತು. ಸಮಿತಿಯವರು ಗುರ್ ಅಂತಿದಾರೆ. ಒಂದು ಕೆಲಸ ಮಾಡೋಣ. ಮೊದಲು ನೀವೇ ಹೇಳ್ತಿದ್ರಲ್ಲ ಹಿಂದೋಳ ಅಂತ, ಆ ಬಸ್ಸಿನ ಹಾಡಲ್ಲಿ ಒಂಚೂರು ಅದರ ಛಾಯೆ ಇತ್ತು, ಪ್ರಯೋಗ ಅಂತ ಕರೆಸಿದ್ವಿ ಅಂದುಬಿಡಿ. ನಿಮ್ಮ ಮಾತಿಗೆ ಯಾರೂ ಎದುರಾಡಲ್ಲ. ನಿಮ್ಮ ಮರ್ಯಾದೆ ಉಳಿಯುತ್ತೆ, ಹುಡುಗೀದೂ ಉಳಿಯುತ್ತೆ."

ಕೌಸಲ್ಯ ದೊನ್ನೆಗೆ ಪಾನಕ ಹಾಕುವುದನ್ನು ಬಿಟ್ಟು ಅಪ್ಪನ ಮುಖ ನೋಡಿದಳು. ಅಪ್ಪ ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಅವಳ ಸುಳ್ಳೇ ಅವರನ್ನು ದಡ ಸೇರಿಸಲು ಬಂದು ನಿಂತಿತ್ತು.

"ಇಲ್ಲ" ಎಂದರು ಸುಬ್ಬಕೃಷ್ಣನವರು. ಅವರು ಪಿಸುಗುಡಲಿಲ್ಲ. "ಎರಡನೇ ಸಾಲು ಪಂಚಮದ ಮೇಲೇ ಹೋಗಿ ನಿಲ್ಲುತ್ತೆ. ಸರಿಯಾಗಿ ಕೇಳಿದೀನಿ. ಹಿಂದೋಳದಲ್ಲಿ ಪಂಚಮ ಎಲ್ಲಿಂದ ಬರುತ್ತೆ ಸ್ವಾಮಿ?"

"ಮತ್ತೆ ಏನ್ರೀ ಅದು?"

"ಏನೋ, ನನಗೆ ತಿಳೀಲಿಲ್ಲ. ನನಗೆ ಹಿಡಿಸಲೂ ಇಲ್ಲ. ನನ್ನ ಮಗಳಿಗೆ ಇಷ್ಟ. ಅದಕ್ಕೇ ಕರೆಸಿದ್ದು ಅಂತ ಹೇಳಿ ಸಮಿತಿಯವರಿಗೆ. ಬೇಕಾದ್ರೆ ಬರುವ ವರ್ಷ ಬೇರೆ ಕಾರ್ಯದರ್ಶಿ ನೋಡ್ಕೊಳ್ಳಲಿ."

ಲಕ್ಷ್ಮೀನರಸಿಂಹಯ್ಯನವರು ಬಾಯಿ ಮುಚ್ಚಿಕೊಂಡು ಕೋಸಂಬರಿ ತಿಂದರು. ಸುಬ್ಬಕೃಷ್ಣನವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು ಮಗಳ ಕೈಯಿಂದ ಪಾನಕದ ಪಾತ್ರೆ ತೆಗೆದುಕೊಂಡು ಕೆಳಗಿಟ್ಟರು. ಹುಬ್ಬು ಗಂಟಿಕ್ಕಿತ್ತು.

"ಅಲ್ಲಮ್ಮ, ಆ ಪಂಚಮದ ಹತ್ರ ಬಂದ ತಕ್ಷಣ ಡ್ರಮ್ಮು ಯಾಕೆ ನಿಲ್ಲುತ್ತೆ?"

"ನಾನೂ ಅವತ್ತು ಅದಕ್ಕೇ ಅಪ್ಪ ಮಿಲ್ಲಿನೊಳಗೆ ಹೋಗಿದ್ದು. ಗೊತ್ತಾಗಲೇ ಇಲ್ಲ."

"ನಡಿ, ಕೇಳ್ಕೊಂಡು ಬರೋಣ" ಎಂದು ಅವರು, ವೇದಿಕೆಯ ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಆಂಜನಪ್ಪನ ಕಡೆಗೆ ಹೊರಟರು.